ತಾಯಿಯ ಬಳಿ ಓದಿದ ಪಂಡಿತೆ: ರಮಾಬಾಯಿಯವರ ಜೀವನಚರಿತ್ರೆ

ವಿದ್ಯೆಯೆಂದೊಡನೆ ನಮ್ಮ ಮನಸ್ಸಿಗೆ ಶಾಲೆಯ ಗಂಟೆ, ಹಾಜರಿ ಪುಸ್ತಕ, ಕರಿಹಲಗೆ, ಪರೀಕ್ಷೆ ಇವುಗಳೇ ತೋರಿಬರುವುವು. ಇವುಗಳ ನಡುವೆಯೇ ಬೆಳೆದ ನಾವು, ಇವಿಲ್ಲದೆಡೆಯಲ್ಲಿ ವಿದ್ಯೆಯೂ ಇಲ್ಲವೆಂದು ಭಾವಿಸುವುದು ಸಹಜವೇ ಸರಿ. ಆದರೆ ಬಾಲ್ಯದಲ್ಲಿ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತದೆ, ತಾಯಿಯ ಬಾಯಿಂದ ಪಾಠ ಕೇಳಿ, ಇಪ್ಪತ್ತನೆಯ ವಯಸ್ಸಿನಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಬಿರುದುಗಳನ್ನು ಪಡೆದ ಒಬ್ಬ ಸ್ತ್ರೀಯು ನಮ್ಮ ಕನ್ನಡ ನಾಡಿನ ಮಲೆಗಳಲ್ಲಿಯೇ ಜನಿಸಿದರು. ಅವರೇ ಪಂಡಿತಾ ರಮಾಬಾಯಿಯವರು. ಮನೆಯಲ್ಲಿ ಕಲಿತ ವಿದ್ಯೆಗೆ ಲೋಕದಲ್ಲಿ ಎಷ್ಟು ಬೆಲೆ? ಹಾಗೆ ಕಲಿತವರಿಗೆ ವಿದ್ಯಾಶಾಲೆಗಳ ಬಾಗಿಲು ಇತರರಿಗೆ ತೆರೆದಷ್ಟೇ ತೆರೆಯಬೇಕೇ? ಈ ಎರಡು ಪ್ರಶ್ನೆಗಳು ಇಂದಿಗೂ ಎಷ್ಟೋ ತಂದೆತಾಯಿಗಳನ್ನು ಕಾಡುತ್ತಿರುವುದರಿಂದ, ಆ ಮಹನೀಯಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡುವುದು ಉಚಿತವೆಂದು ತೋರಿತು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಘಟ್ಟದ ಬುಡದಲ್ಲಿರುವ ಮಾಳದ ಕಡೆಯವರು, ಮಾತೃಭಾಷೆ ಮರಾಠಿ. ಅವರು ಯೌವನದಲ್ಲಿ ಪುಣೆಯಲ್ಲಿ ರಾಮಚಂದ್ರಶಾಸ್ತ್ರಿಗಳೆಂಬ ಗುರುಗಳ ಬಳಿ ಸಂಸ್ಕೃತವನ್ನು ಅಭ್ಯಾಸಮಾಡುತ್ತಿದ್ದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೂ ಪಾಠ ಹೇಳುತ್ತಿದ್ದರು. ಸ್ತ್ರೀಯೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಸ್ಪಷ್ಟವಾಗಿ ಪಠಿಸುವುದನ್ನು ಕೇಳಿದ ಶಿಷ್ಯನು ವಿಸ್ಮಿತನಾಗಿ, ತನ್ನ ಮನೆಯ ಹೆಣ್ಣುಮಕ್ಕಳಿಗೂ ಹಾಗೆಯೇ ಕಲಿಸಬೇಕೆಂದು ಸಂಕಲ್ಪಿಸಿಕೊಂಡನು. ಊರಿಗೆ ಮರಳಿ ಮೊದಲ ಪತ್ನಿಗೆ ಪಾಠ ಪ್ರಾರಂಭಿಸಿದಾಗ ಮನೆಯ ಹಿರಿಯರು ಒಪ್ಪಲಿಲ್ಲ. ಆಕೆಯು ತೀರಿಕೊಂಡ ಬಳಿಕ ಲಕ್ಷ್ಮೀಬಾಯಿಯೆಂಬ ಎಳೆಯ ಕನ್ಯೆಯು ಅವರ ಕೈಹಿಡಿದಳು. ಶಾಸ್ತ್ರಿಗಳು ಈಕೆಗೆ ಸಂಸ್ಕೃತವನ್ನು ಕಲಿಸತೊಡಗಲು ಜನರ ಆಕ್ಷೇಪವು ಪುನಃ ಎದ್ದಿತು. ವಿಷಯವು ಉಡುಪಿಯ ಪಂಡಿತರ ಮುಂದೆ ಬಂದಿತು. ಶಾಸ್ತ್ರಿಗಳು ಅಲ್ಲಿಗೆ ಹೋಗಿ, ಸ್ತ್ರೀಯರು ಸಂಸ್ಕೃತ ಕಾವ್ಯಪುರಾಣಗಳನ್ನು ಓದುವುದಕ್ಕೆ ಧರ್ಮಗ್ರಂಥಗಳಲ್ಲಿ ಅಡ್ಡಿಯಿಲ್ಲವೆಂಬುದನ್ನು ಆ ಗ್ರಂಥಗಳ ಆಧಾರದಿಂದಲೇ ವಾದಿಸಿ ತೋರಿಸಿದರು. ಮನೆಯೊಳಗೆ ಮಡದಿಗೆ ಪಾಠ ಹೇಳುವುದಕ್ಕೂ ಅಂದು ಪಂಡಿತರ ಸಭೆಗೆ ಉತ್ತರ ಕೊಡಬೇಕಾಗಿದ್ದಿತೆಂಬುದನ್ನು ನಾವು ಮರೆಯಲಾಗದು.

ಬಳಿಕ ಅವರು ಜನರ ಗೊಡವೆಯೇ ಬೇಡವೆಂದು ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ದಟ್ಟಡವಿಯಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿಯೂ ಶಿಷ್ಯರು ಅವರನ್ನು ಹುಡುಕಿಕೊಂಡು ಬಂದರು. 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯು ಆ ವನದಲ್ಲಿಯೇ ಜನಿಸಿದಳು. ಅಣ್ಣ ಶ್ರೀನಿವಾಸನಿಗೂ ಅಕ್ಕ ಕೃಷ್ಣಾಬಾಯಿಗೂ ಈಕೆಯು ಕಿರಿಯವಳು. ಬಂದ ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕುತ್ತ ಶಾಸ್ತ್ರಿಗಳ ಆಸ್ತಿಯು ಕರಗಿಹೋಗಿತ್ತು. ಮಗುವು ಆರು ತಿಂಗಳಿನದಾಗಿರುವಾಗಲೇ ಕುಟುಂಬವು ಕಾಡನ್ನು ಬಿಟ್ಟಿತು. ಎಳೆಗೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಘಟ್ಟದಿಂದ ಇಳಿಸಿದರು. ಅಂದಿನಿಂದ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತ, ದೇವಾಲಯಗಳಲ್ಲಿ ಪುರಾಣ ಹೇಳಿ, ಜನರು ಕೊಟ್ಟುದರಿಂದ ಜೀವಿಸುವುದೇ ಅವರ ವೃತ್ತಿಯಾಯಿತು.

ಇಂತಹ ಅಲೆದಾಟದ ನಡುವೆ ಆ ಮಗುವಿಗೆ ಪಾಠವೆಲ್ಲಿ? ತಂದೆಯವರು ಆಗಲೇ ವೃದ್ಧರಾಗಿದ್ದುದರಿಂದ ಆ ಭಾರವನ್ನು ತಾಯಿಯೇ ವಹಿಸಿದರು. ಹಗಲೆಲ್ಲ ಗೃಹಕೃತ್ಯವಿದ್ದ ಕಾರಣ, ಹಕ್ಕಿಗಳು ಕೂಗುವ ಹೊತ್ತಿಗೆ, ಬೆಳಕು ಹರಿಯುವುದಕ್ಕೆ ಮುಂಚೆ, ನಿದ್ದೆಗಣ್ಣಿನ ಮಗಳನ್ನು ಮುದ್ದುಮಾತುಗಳಿಂದ ಎಬ್ಬಿಸಿ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು. ತಾಯಿಯ ಬಾಯಲ್ಲದೆ ಬೇರೆ ಪುಸ್ತಕವಿರಲಿಲ್ಲ. ಸುಮಾರು ಎಂಟನೆಯ ವರ್ಷದಿಂದ ಹದಿನೈದನೆಯ ವರ್ಷದವರೆಗೆ ಈ ಅಭ್ಯಾಸವು ನಡೆಯಿತು. ಹನ್ನೆರಡನೆಯ ವಯಸ್ಸಿನೊಳಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಕಂಠಸ್ಥವಾಗಿದ್ದುವೆಂದು ಹೇಳುವರು. ವ್ಯಾಕರಣ, ಕೋಶ, ಕಾವ್ಯಗಳೂ ಬಂದುವು. ಮನೆಮಾತಿನ ಮರಾಠಿಯಲ್ಲದೆ, ದೇಶಸಂಚಾರದಿಂದ ಕನ್ನಡ, ಹಿಂದೂಸ್ಥಾನಿ ಮುಂತಾದ ಭಾಷೆಗಳ ಪರಿಚಯವೂ ಆಯಿತು. ಆ ಕಾಲದ ರೂಢಿಯಂತೆ ಬಾಲ್ಯವಿವಾಹ ಮಾಡದೆ ತಂದೆತಾಯಿಗಳು ಆಕೆಯನ್ನು ಓದಲು ಬಿಟ್ಟರು.

ಆದರೆ ಈ ಗೃಹಶಿಕ್ಷಣದಲ್ಲಿ ಒಂದು ದೊಡ್ಡ ಕೊರತೆಯೂ ಇದ್ದಿತು. ಹೊರಲೋಕದ ಸಂಸರ್ಗವು ಮಕ್ಕಳಿಗೆ ತಗಲಬಾರದೆಂಬ ಭಾವನೆಯಿಂದ ತಂದೆತಾಯಿಗಳು ಇಂಗ್ಲಿಷನ್ನಾಗಲಿ, ಜೀವನೋಪಾಯಕ್ಕೆ ಒದಗುವ ಯಾವ ಲೌಕಿಕ ವಿದ್ಯೆಯನ್ನಾಗಲಿ ಕಲಿಸಲಿಲ್ಲ. ಇದರ ಫಲವನ್ನು ಕ್ಷಾಮವು ತೋರಿಸಿಕೊಟ್ಟಿತು. ಕೈಯಲ್ಲಿದ್ದ ಹಣವೂ ಪಾತ್ರೆಗಳೂ ಒಡವೆಗಳೂ ತೀರಿದ ಮೇಲೆ, ಅಷ್ಟು ಶಾಸ್ತ್ರವನ್ನು ಬಲ್ಲ ಕುಟುಂಬವು ಕಾಡಿನಲ್ಲಿ ಎಲೆಗಳನ್ನು ತಿಂದು ದಿನ ಕಳೆಯಬೇಕಾಯಿತು. 1874ರಲ್ಲಿ ತಂದೆಯವರು ತೀರಿಕೊಂಡರು. ಕೆಲವೇ ತಿಂಗಳುಗಳಲ್ಲಿ ತಾಯಿಯೂ, ತರುವಾಯ ಅಕ್ಕನೂ ಗತಿಸಿದರು. ತಾಯಿಯ ಶವವನ್ನು ಮೂರು ಮೈಲಿ ದೂರದ ಶ್ಮಶಾನಕ್ಕೆ ಒಯ್ಯುವುದಕ್ಕೆ ಇಬ್ಬರೇ ಬ್ರಾಹ್ಮಣರು ದೊರೆತುದರಿಂದ, ಮಗನೂ ಮಗಳೂ ಹೆಗಲುಕೊಡಬೇಕಾಯಿತು. ಗಿಡ್ಡವಾಗಿದ್ದ ರಮಾಬಾಯಿಯು ಆ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು. ತನ್ನ ಏಕಮಾತ್ರ ಗುರುವಿಗೆ ಶಿಷ್ಯೆಯು ಸಲ್ಲಿಸಿದ ಕೊನೆಯ ಸೇವೆ ಅದು.

ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡೆಯಿಂದ ಉತ್ತರದ ಕಾಶ್ಮೀರದವರೆಗೂ ಅಲೆದು, 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅವಿವಾಹಿತ ತರುಣಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಭಾಷಣಮಾಡುವಳೆಂಬ ಸುದ್ದಿಯು ಬೇಗನೆ ಹಬ್ಬಿತು. ಅಲ್ಲಿನ ವಿದ್ವಾಂಸರು ಪ್ರಶ್ನೆಗಳನ್ನು ಹಾಕಿ ಆಕೆಯ ಪಾಂಡಿತ್ಯವನ್ನು ಪರೀಕ್ಷಿಸಿದರು. ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದನ್ನಿತ್ತರು. ಇದು ಗಮನಿಸತಕ್ಕ ಸಂಗತಿ. ಯಾವ ಪಾಠಶಾಲೆಯಿಂದ ಬಂದೆಯೆಂದಾಗಲಿ, ಯಾವ ಸನ್ನದನ್ನು ತಂದಿರುವೆಯೆಂದಾಗಲಿ ಕೇಳದೆ, ಬಲ್ಲುದೇನೆಂಬುದನ್ನೇ ಅವರು ಅಳೆದರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟು ಓದಲು ಹೇಳಿದರು. ಸ್ತ್ರೀಯರಿಗೆ ವೇದಾಧಿಕಾರವಿಲ್ಲವೆಂದು ತಂದೆಯವರೂ ಮುಚ್ಚಿಟ್ಟಿದ್ದ ಬಾಗಿಲು ಅಂದು ತೆರೆಯಿತು.

ಸೌಖ್ಯವು ಬಹುಕಾಲ ನಿಲ್ಲಲಿಲ್ಲ. 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ವಿವಾಹವಾದರು. 1881ರಲ್ಲಿ ಮನೋರಮೆಯು ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಯಿಂದ ತೀರಿಹೋದರು. ಇಪ್ಪತ್ತಮೂರನೆಯ ವಯಸ್ಸಿಗೆ ವಿಧವೆಯಾದ ಆಕೆ ಹಸುಗೂಸಿನೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ಆ ವರ್ಷವೇ ಸರ್ಕಾರದವರು ನೇಮಿಸಿದ ಹಂಟರ್ ವಿದ್ಯಾ ಆಯೋಗದ ಮುಂದೆ ರಮಾಬಾಯಿಯವರು ಮರಾಠಿಯಲ್ಲಿ ಸಾಕ್ಷ್ಯವನ್ನು ನುಡಿದರು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಶಿಕ್ಷಣಪಡೆದ ಉಪಾಧ್ಯಾಯಿನಿಯರೇ ಬೇಕೆಂದೂ, ಅವರಿಗೆ ತಕ್ಕ ಸಂಬಳವಿರಬೇಕೆಂದೂ, ಶಾಲೆಗಳ ಪರಿವೀಕ್ಷಣೆಗೂ ಸ್ತ್ರೀಯರನ್ನು ನೇಮಿಸಬೇಕೆಂದೂ, ಸ್ತ್ರೀಯರಿಗೆ ವೈದ್ಯಶಾಸ್ತ್ರವನ್ನು ಕಲಿಯಲು ಅವಕಾಶ ಕೊಡಬೇಕೆಂದೂ ಕೇಳಿದರು. ಸ್ವತಃ ಶಾಲೆಯನ್ನು ಕಾಣದೆ ಬೆಳೆದವರು ಇತರ ಹೆಣ್ಣುಮಕ್ಕಳಿಗಾಗಿ ಶಾಲೆಯ ಬಾಗಿಲನ್ನು ತಟ್ಟಿದರು. ತಮ್ಮ ತಂದೆಯಂತಹ ತಂದೆ ಎಲ್ಲ ಹೆಣ್ಣುಮಕ್ಕಳಿಗೂ ದೊರೆಯುವುದಿಲ್ಲವೆಂಬುದು ಅವರಿಗೆ ತಿಳಿದಿದ್ದಿತು.

ತಾವೇ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಬೇಕೆಂಬ ಹಂಬಲದಿಂದ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಕನ್ಯಾಮಠದಲ್ಲಿದ್ದು ಇಂಗ್ಲಿಷನ್ನು ಕಲಿಯುತ್ತ, ಭಾರತಕ್ಕೆ ಬರಲಿದ್ದ ಸಹೋದರಿಯರಿಗೆ ಮರಾಠಿಯನ್ನು ಕಲಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಕಿವುಡುತನವು ಹೆಚ್ಚುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನು ಮಾತ್ರ ಬಿಡಬೇಕಾಯಿತು. 1884ರಲ್ಲಿ ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜು ಅವರನ್ನು ಬರಮಾಡಿಕೊಂಡಿತು. ಅದರ ಮುಖ್ಯೋಪಾಧ್ಯಾಯಿನಿ ಡೊರೊಥಿಯಾ ಬೀಲ್ ಎಂಬವರು ಈ ವಿದ್ಯಾರ್ಥಿನಿಯ ಯೋಗ್ಯತೆಯನ್ನರಿತು, ಗಣಿತ, ವಿಜ್ಞಾನ, ಇಂಗ್ಲಿಷ್ ಸಾಹಿತ್ಯಗಳನ್ನು ಕಲಿಯುವುದಕ್ಕೂ ಸಂಸ್ಕೃತವನ್ನು ಕಲಿಸುವುದಕ್ಕೂ ಅನುಕೂಲ ಮಾಡಿಕೊಟ್ಟರು. ಒಂದೇ ಸಂಸ್ಥೆಯಲ್ಲಿ ಶಿಷ್ಯೆಯೂ ಗುರುವೂ ಆಗಿರುವ ಭಾಗ್ಯವು ಎಷ್ಟು ಮಂದಿಗೆ ದೊರೆತೀತು? ಆದರೆ ಅಲ್ಲಿಯೂ ಅಡ್ಡಿಯಿಲ್ಲದಿರಲಿಲ್ಲ. ಆಕೆಯು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸಲ್ಲದೆಂದು ಭಾರತದಲ್ಲಿದ್ದ ಬಿಷಪರು ಆಕ್ಷೇಪಿಸಿದರು. ಸ್ವದೇಶದಲ್ಲಿ ಗಂಡಸರು ತುಂಬಿದ ಸಭೆಗಳಲ್ಲಿ ಉಪನ್ಯಾಸಮಾಡಿದ್ದ ರಮಾಬಾಯಿಯವರು ಇದರಿಂದ ನೊಂದು, ತಮ್ಮ ಅಭಿಪ್ರಾಯವನ್ನು ಅಂಜದೆ ಬರೆದು ತಿಳಿಸಿದರು. ಉಡುಪಿಯಲ್ಲಿ ತಂದೆಯವರು ನಡೆಸಿದ ವಾದವನ್ನು ಮಗಳು ಸಮುದ್ರದಾಚೆಯಲ್ಲಿ ಮುಂದುವರಿಸಿದಂತಾಯಿತು.

1886ರಲ್ಲಿ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯ ಪದವಿಯನ್ನು ಪಡೆಯುವ ಸಮಾರಂಭವನ್ನು ನೋಡಲು ಅಮೆರಿಕಕ್ಕೆ ಹೋದರು. ತಮಗೆ ದೊರೆಯದ ಪದವಿಯನ್ನು ಮತ್ತೊಬ್ಬಳು ಪಡೆಯುವುದನ್ನು ಕಂಡು ಸಂತೋಷಪಟ್ಟರು. ಅಲ್ಲಿ ಫ್ರೋಬೆಲನ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸಮಾಡಿದರು. ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವೇರ್ಪಟ್ಟು, ಭಾರತದಲ್ಲಿ ವಿಧವೆಯರಿಗಾಗಿ ಶಾಲೆಯನ್ನು ನಡೆಸಲು ಹತ್ತು ವರ್ಷ ನೆರವು ಕೊಡುವೆವೆಂದು ಮಾತುಕೊಟ್ಟಿತು.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಇಬ್ಬರು ವಿದ್ಯಾರ್ಥಿನಿಯರೊಡನೆ ಪ್ರಾರಂಭವಾಯಿತು. ಅವರಲ್ಲೊಬ್ಬಳಾದ ಗೋದುಬಾಯಿಯೆಂಬ ಬಾಲವಿಧವೆಯು ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದಳು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಸದನವು ಪ್ರಾರಂಭವಾದ ಮರುವರ್ಷವೇ ಪುಣೆಗೆ ಬಂದಿತು. ವಿದ್ಯಾರ್ಥಿನಿಯರು ತಮ್ಮ ಜಾತಿನಿಯಮಗಳನ್ನು ಪಾಲಿಸುವುದಕ್ಕೆ ಅಲ್ಲಿ ಅವಕಾಶವಿದ್ದಿತು. ಆದರೆ ಕೆಲವರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುತ್ತಿದ್ದುದರಿಂದ ಮತಾಂತರದ ಶಂಕೆಯು ಹುಟ್ಟಿತು. 1893ರಲ್ಲಿ ರಾನಡೆ, ಭಾಂಡಾರಕರ್ ಮುಂತಾದ ಹಿತೈಷಿಗಳು ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ಈ ವಿಷಯದಲ್ಲಿ ಎರಡು ಪಕ್ಷದವರೂ ತಮ್ಮ ತಮ್ಮ ಮನಸ್ಸಾಕ್ಷಿಗೆ ತಕ್ಕಂತೆ ನಡೆದರು. ಮಕ್ಕಳನ್ನು ಒಪ್ಪಿಸುವ ತಂದೆತಾಯಿಗಳ ನಂಬಿಕೆಯು ಶಾಲೆಗೆ ಎಷ್ಟು ಅಗತ್ಯವೆಂಬುದನ್ನು ಈ ಪ್ರಸಂಗವು ತೋರಿಸುವುದು.

1896ರಿಂದ ಬಂದ ಘೋರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಗಳಿಗೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ನೂರಾರು ಬಾಲಿಕೆಯರನ್ನು ಕರೆತಂದರು. ಹಸಿವೆಂದರೇನೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿಸದನವು ಬೆಳೆಯಿತು. 1900ರ ಕ್ಷಾಮದಲ್ಲಿ ಗುಜರಾತಿನಿಂದಲೂ ಮಕ್ಕಳು ಬಂದು, ನಿವಾಸಿಗಳ ಸಂಖ್ಯೆಯು ಎರಡು ಸಾವಿರವನ್ನು ಸಮೀಪಿಸಿತು. ಅಲ್ಲಿ ಓದುಬರಹದೊಡನೆ ನೆಯ್ಗೆ, ಬೇಸಾಯ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಮುಂತಾದ ಕಸಬುಗಳನ್ನು ಕಲಿಸಿದರು. ಕುರುಡರಿಗೆ ಬ್ರೈಲ್ ಲಿಪಿಯಲ್ಲಿ ಪಾಠವಿದ್ದಿತು. ತಾಯಿಯಿಂದ ಪಡೆದ ವಿದ್ಯೆಯಲ್ಲಿ ಯಾವುದು ಉತ್ತಮವೋ ಅದನ್ನು ಉಳಿಸಿಕೊಂಡು, ಯಾವುದು ಕೊರತೆಯಾಗಿತ್ತೋ ಅದನ್ನು ತುಂಬಿದಂತಾಯಿತು. ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನು ಸಾಮಾನ್ಯ ಸ್ತ್ರೀಯರಿಗೆ ತಿಳಿಯುವ ಮರಾಠಿಗೆ ಭಾಷಾಂತರಿಸಿದರು. ಮಗಳು ಮನೋರಮೆಯು ತಾಯಿಗೆ ಬಲಗೈಯಾಗಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಕಲಬುರಗಿಯಲ್ಲಿಯೂ ಶಾಲೆಯನ್ನು ಸ್ಥಾಪಿಸಲು ನೆರವಾದಳು. 1919ರಲ್ಲಿ ಕೈಸರ್-ಎ-ಹಿಂದ್ ಪದಕವು ರಮಾಬಾಯಿಯವರಿಗೆ ದೊರೆಯಿತು. 1921ರಲ್ಲಿ ಮಗಳನ್ನು ಕಳೆದುಕೊಂಡು, 1922ನೆಯ ಏಪ್ರಿಲ್ 5ರಂದು ತಾವೂ ದೈವಾಧೀನರಾದರು. 1989ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕುದೇನು? ಮನೆಯಲ್ಲಿ ಕಲಿತ ವಿದ್ಯೆಯು ಕೀಳಲ್ಲ. ಆದರೆ ಆ ವಿದ್ಯೆಗೆ ಮನೆಯಿಂದಾಚೆ ದಾರಿಯಿಲ್ಲದಿದ್ದರೆ ಅದು ಕಾಡಿನಲ್ಲಿ ಹಸಿದು ಕುಳಿತುಕೊಳ್ಳುವುದು. ಕಲ್ಕತ್ತೆಯ ಪಂಡಿತರು ಪರೀಕ್ಷಿಸದೆ ಹಿಂದಕ್ಕೆ ಕಳುಹಿಸಿದ್ದರೆ, ಚೆಲ್ಟೆನ್‌ಹ್ಯಾಮಿನ ಕಾಲೇಜು ಒಳಗೆ ಕರೆಯದಿದ್ದರೆ, ಲಕ್ಷ್ಮೀಬಾಯಿಯವರ ಮುಂಜಾನೆಯ ಶ್ರಮವೆಲ್ಲ ಯಾರಿಗೂ ತಿಳಿಯದೆ ಹೋಗುತ್ತಿದ್ದಿತು. ಈ ಕಾಲದಲ್ಲಿಯೂ ರೋಗದ ನಿಮಿತ್ತವಾಗಿಯೋ, ಮೇಲಿಂದ ಮೇಲೆ ಊರು ಬದಲಾಗುವುದರಿಂದಲೋ, ತಮ್ಮ ದೃಢವಾದ ಅಭಿಪ್ರಾಯದಿಂದಲೋ ಮಕ್ಕಳನ್ನು ಮನೆಯಲ್ಲಿಯೇ ಓದಿಸುವ ತಂದೆತಾಯಿಗಳಿದ್ದಾರೆ. ಶಾಲೆಗೆ ಹೋಗದೆ ಕಲಿತವರೂ ಪರೀಕ್ಷೆಗೆ ಕುಳಿತುಕೊಳ್ಳುವಂತೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಅವಕಾಶ ಕೊಟ್ಟಿದೆ. ಆರು ವರ್ಷ ಮೀರಿದ ಮಗುವು ಶಾಲೆಗೆ ಸೇರಿರದಿದ್ದರೆ ಅದನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಬೇಕಾದ ವಿಶೇಷ ಪಾಠವನ್ನು ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯು ವಿಧಿಸಿದೆ. ಆದರೂ ಕಾನೂನು ತೆರೆದ ಬಾಗಿಲನ್ನು ಕಚೇರಿಯ ಮೇಜಿನ ಬಳಿ ಕುಳಿತ ನಾವು ಮುಚ್ಚಿಬಿಡಬಹುದು. ವರ್ಗಾವಣೆ ಪತ್ರವಿಲ್ಲದ ಮಗುವನ್ನು ಕಂಡೊಡನೆ ಮುಖ ತಿರುಗಿಸುವುದು ಸುಲಭ. ಕುಳ್ಳಿರಿಸಿಕೊಂಡು, ಮಗೂ, ನಿನಗೇನು ಬರುವುದು ಎಂದು ಕೇಳುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಆ ತಾಳ್ಮೆಯು ಉಪಾಧ್ಯಾಯಿನಿಯರಾದ ನಮ್ಮ ಕರ್ತವ್ಯ.

ಇನ್ನು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. ನಿಮ್ಮ ಮಕ್ಕಳು ಶಾಲೆಗೆ ಬರಲಿ, ಬಾರದಿರಲಿ, ನೀವೇ ಅವರ ಮೊದಲ ಗುರುಗಳು. ಲಕ್ಷ್ಮೀಬಾಯಿಯವರಿಗೆ ಮನೆಯಿರಲಿಲ್ಲ, ಪುಸ್ತಕವಿರಲಿಲ್ಲ, ಬಿಡುವಿರಲಿಲ್ಲ; ಬೆಳಗಿನ ಜಾವದ ಒಂದೆರಡು ಗಳಿಗೆ ಮಾತ್ರ ಇದ್ದಿತು. ಅಷ್ಟನ್ನಾದರೂ ನಿಮ್ಮ ಮಕ್ಕಳಿಗಾಗಿ ತೆಗೆದಿಡಿರಿ. ನೀವು ಅಲ್ಲಿ ಕಲಿಸಿದುದನ್ನು ನಾವು ಇಲ್ಲಿ ಗೌರವಿಸುವೆವು. ಮನೆಯೂ ಶಾಲೆಯೂ ಹೀಗೆ ಒಂದನ್ನೊಂದು ಮನ್ನಿಸಿ ನಡೆದರೆ, ಗಂಗಾಮೂಲದ ಆ ಕೂಸಿಗೆ ದೊರೆತ ಬೆಳಕು ನಮ್ಮ ಊರಿನ ಪ್ರತಿಯೊಂದು ಹೆಣ್ಣುಮಗುವಿಗೂ ದೊರೆಯುವುದರಲ್ಲಿ ಸಂದೇಹವಿಲ್ಲ.