ಹತ್ತಿಯ ದೊರೆ ಪ್ರೇಮ್‌ಚಂದ್ ರಾಯ್‌ಚಂದ್
ಗ್ರಾಂಟ್ ರೋಡ್‌ಗೆ ಅನತಿದೂರದ ಭಾಯಖಳದಲ್ಲಿ ನೆಲೆಸಿದ್ದ ಪ್ರೇಮ್‌ಚಂದ್ ರಾಯ್‌ಚಂದ್ 1831ರಲ್ಲಿ ಸೂರತ್ತಿನಲ್ಲಿ ಜನಿಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡನ್ನು ತಲುಪದಾದಾಗ, ನಮ್ಮ ಧಾರವಾಡ ಸೀಮೆಯ ಹತ್ತಿಗೂ ಮುಂಬಯಿಯಲ್ಲಿ ಚಿನ್ನದ ಬೆಲೆ ಬಂದಿತು. ಹರಿದುಬಂದ ಹಣವೆಲ್ಲ ಷೇರುಪೇಟೆಯಲ್ಲಿ ಪಣವಾಯಿತು. ಷೇರುಗಳನ್ನೇ ಒತ್ತೆಯಿಟ್ಟು ಸಾಲ, ಆ ಸಾಲದಿಂದ ಮತ್ತಷ್ಟು ಷೇರು; ಈ ಆಟದ ಮುಂದಾಳು ಪ್ರೇಮ್‌ಚಂದರು. ಬೆಲೆ ಏರಿದರೆ ಲಾಭ ಹಲವು ಮಡಿ, ಇಳಿದರೆ ನಷ್ಟವೂ ಅಷ್ಟೇ.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಪ್ರೇಮ್‌ಚಂದರೊಡನೆ ಅವರನ್ನು ನಂಬಿದ ಅನೇಕ ಸಂಸಾರಗಳೂ ದಿವಾಳಿಯಾದವು. ಆದರೆ ಏರುಗಾಲದಲ್ಲಿ ವಿದ್ಯೆಗಾಗಿ ಕೊಟ್ಟ ದಾನ ಕರಗಲಿಲ್ಲ. ತಾಯಿಯ ಹೆಸರಿನ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಅವರು 1906ರಲ್ಲಿ ನಿಧನರಾದರು. ಪಣಕ್ಕಿಟ್ಟದ್ದು ಹೋಯಿತು, ಕೊಟ್ಟದ್ದು ಉಳಿಯಿತು.