ಅಂಜದ ಹಕ್ಕಿಗಳನ್ನು ಅರಸಿ ಹೋದ ಚೆರಿ ಕಿಯರ್ಟನ್

ಮನುಷ್ಯನ ನೆರಳು ಬಿದ್ದೊಡನೆ ಹಕ್ಕಿ ಹಾರಿಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಹಕ್ಕಿಯ ಹುಟ್ಟುಗುಣವೆಂದೇ ಬಹುಮಂದಿಯ ಎಣಿಕೆ. ಆದರೆ ನೆಲದ ಬೇಟೆಗಾರ ಪ್ರಾಣಿಗಳ ಕಾಟವಿಲ್ಲದ, ಮನುಷ್ಯರ ಸುಳಿವೂ ವಿರಳವಾದ ದ್ವೀಪಗಳಲ್ಲಿ ಗೂಡುಕಟ್ಟುವ ಎಷ್ಟೋ ಹಕ್ಕಿಗಳು ಮನುಷ್ಯನು ಹತ್ತಿರ ಬಂದರೂ ಕದಲುವುದಿಲ್ಲ. ಹೀಗಿರುವಾಗ ಹಕ್ಕಿಯ ಭಯದಲ್ಲಿ ಒಂದು ಪಾಲು ಮನುಷ್ಯನೇ ತಲೆತಲಾಂತರದಿಂದ ಕಲಿಸಿಕೊಟ್ಟ ಪಾಠವೆಂದು ಹೇಳದೆ ವಿಧಿಯಿಲ್ಲ. ಈ ಭಯವನ್ನು ಗೆಲ್ಲುವ ಉಪಾಯಗಳಲ್ಲಿ ಯೌವನವನ್ನು ಕಳೆದು, ಭಯವೇ ಇಲ್ಲದ ಹಕ್ಕಿಗಳ ನಾಡನ್ನು ನಡುವಯಸ್ಸು ದಾಟಿದ ಮೇಲೆ ಕಂಡವನು ಇಂಗ್ಲೆಂಡಿನ ಛಾಯಾಗ್ರಾಹಕ ಚೆರಿ ಕಿಯರ್ಟನ್.

ಆತನು ಹುಟ್ಟಿದ್ದು 1871ರ ಜುಲೈ 8ರಂದು, ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯ ಥ್ವೇಟ್ ಎಂಬ ಪುಟ್ಟ ಹಳ್ಳಿಯಲ್ಲಿ. ಮನೆತನ ಬೇಸಾಯಗಾರರದು. ಒಂಬತ್ತು ವರ್ಷ ಹಿರಿಯನಾದ ಅಣ್ಣ ರಿಚರ್ಡನು ಬಾಲ್ಯದಲ್ಲಿಯೇ ಹಕ್ಕಿಗೂಡು ಹುಡುಕಲು ಹೋಗಿ ಪೆಟ್ಟು ತಿಂದು, ಒಂದು ಕಾಲು ಊನವಾಗಿ, ಜೀವಮಾನವೆಲ್ಲ ಕುಂಟುವಂತಾಗಿದ್ದನು. ಆದರೂ ಹಕ್ಕಿಗಳ ಮೇಲಿನ ಅವನ ಮಮತೆ ಕುಂದಲಿಲ್ಲ. ಗ್ರೌಸ್ ಎಂಬ ಬೆಟ್ಟದ ಹಕ್ಕಿಯ ಕೂಗನ್ನು ಅವನು ಹಾಗೆಯೇ ಅನುಕರಿಸಬಲ್ಲವನಾಗಿದ್ದನು. ಬೇಟೆಗೆಂದು ಆ ಕಡೆ ಬಂದಿದ್ದ ಲಂಡನ್ನಿನ ಕ್ಯಾಸೆಲ್ ಪ್ರಕಾಶನ ಸಂಸ್ಥೆಯ ಗ್ಯಾಲ್ಪಿನ್ ಎಂಬವರು ಆ ಚತುರತೆಗೆ ಮೆಚ್ಚಿ ಅವನಿಗೆ ತಮ್ಮಲ್ಲಿ ಕೆಲಸ ಕೊಡಿಸಿದರು. ಅದು 1882ರ ಮಾತು. ಕೆಲವು ವರ್ಷಗಳ ತರುವಾಯ ಚೆರಿಯೂ ಅಣ್ಣನನ್ನು ಹಿಂಬಾಲಿಸಿ ಅದೇ ಸಂಸ್ಥೆಯನ್ನು ಸೇರಿದನು. ಹೀಗೆ ಹಳ್ಳಿಯ ಇಬ್ಬರು ತರುಣರು ಮಹಾನಗರದ ಕಚೇರಿಯಲ್ಲಿ ಕುಳಿತರೂ, ಬಿಡುವು ದೊರೆತಾಗಲೆಲ್ಲ ಅವರ ಕಾಲು ನಡೆಯುತ್ತಿದ್ದುದು ಊರಾಚೆಯ ಹೊಲಬೇಲಿಗಳ ಕಡೆಗೇ.

1892ರ ಏಪ್ರಿಲಿನಲ್ಲಿ ಲಂಡನ್ನಿನ ಬಳಿಯ ಎನ್‌ಫೀಲ್ಡಿನಲ್ಲಿ ಥ್ರಷ್ ಎಂಬ ಹಾಡುಹಕ್ಕಿಯ ಗೂಡೊಂದು ಅವರ ಕಣ್ಣಿಗೆ ಬಿದ್ದಿತು. ಒಳಗೆ ಮೊಟ್ಟೆಗಳಿದ್ದುವು. ಚೆರಿಯು ತನ್ನ ಅಗ್ಗದ ಕ್ಯಾಮೆರಾದಿಂದ ಅದರ ಚಿತ್ರ ತೆಗೆದನು. ಆ ಮೊಟ್ಟೆಗಳ ಬಣ್ಣ ತಿಳಿಯಾದ ನೀಲಿ. ಆದರೆ ಅಂದಿನ ಗಾಜಿನ ಫಲಕಕ್ಕೆ ನೀಲಿಯೂ ಒಂದೇ, ಬೂದಿಯೂ ಒಂದೇ. ಬಣ್ಣವನ್ನು ಕಳೆದುಕೊಂಡರೂ ಆ ಚಿತ್ರ ಒಂದು ಹೊಸ ದಾರಿಯನ್ನು ತೋರಿಸಿತು. ಅದುವರೆಗೆ ಪಕ್ಷಿಶಾಸ್ತ್ರವೆಂದರೆ ಬಹುಮಟ್ಟಿಗೆ ಬಂದೂಕದ ಶಾಸ್ತ್ರ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹುಲ್ಲು ತುಂಬಿ, ಅದನ್ನು ನೋಡಿ ಚಿತ್ರ ಬರೆಯುವುದು ವಾಡಿಕೆಯಾಗಿತ್ತು. ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು, ಅದರ ಮನೆಯನ್ನು ಇದ್ದಂತೆಯೇ ತೋರಿಸಬಹುದೆಂಬುದು ಸಹೋದರರಿಗೆ ಹೊಳೆಯಿತು. ಅಣ್ಣನು ಬರೆದು, ತಮ್ಮನು ಚಿತ್ರ ತೆಗೆದು ಸಿದ್ಧಪಡಿಸಿದ, ಬ್ರಿಟನ್ನಿನ ಹಕ್ಕಿಗಳ ಗೂಡುಗಳನ್ನು ಕುರಿತ ಪುಸ್ತಕ 1895ರಲ್ಲಿ ಹೊರಬಂದಿತು. ನಿಸರ್ಗದಲ್ಲಿಯೇ ತೆಗೆದ ಛಾಯಾಚಿತ್ರಗಳಿಂದ ಕೂಡಿದ ಇಂಥ ಪುಸ್ತಕಗಳಲ್ಲಿ ಅದು ಮೊದಲನೆಯದೆಂದು ಹೆಸರಾಯಿತು.

ಗೂಡು ಓಡಿಹೋಗುವುದಿಲ್ಲ, ಹಕ್ಕಿ ಹಾರಿಹೋಗುತ್ತದೆ. ದೂರದಿಂದ ಸೆಳೆದು ತೋರಿಸುವ ಇಂದಿನ ಮಸೂರಗಳು ಅಂದು ಇರಲಿಲ್ಲವಾದುದರಿಂದ ಹಕ್ಕಿಯ ಹತ್ತಿರಕ್ಕೇ ಹೋಗಬೇಕು. ಹೋದರೆ ಅದು ನಿಲ್ಲದು. ಈ ಕಷ್ಟಕ್ಕೆ ಸಹೋದರರು ಹೂಡಿದ ಉಪಾಯಗಳು ಒಂದೆರಡಲ್ಲ. ಟೊಳ್ಳಾದ ಮರದ ಬೊಡ್ಡೆಯೊಂದನ್ನು ಕಟ್ಟಿ ಅದರೊಳಗೆ ಅಡಗಿದರು. ಕೃತಕ ಬಂಡೆಯನ್ನು ಮಾಡಿದರು. ಹುಲ್ಲು ತುಂಬಿದ ಕುರಿಯ ಹೊಟ್ಟೆಯಲ್ಲಿ ಕ್ಯಾಮೆರಾವನ್ನಿರಿಸಿದರು. ಎಲ್ಲಕ್ಕಿಂತ ಪ್ರಸಿದ್ಧವಾದುದು 1900ರ ಸುಮಾರಿನ ಎತ್ತು. ನಿಜವಾದ ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ, ಹೊಟ್ಟೆಯಲ್ಲಿ ಒಬ್ಬನು ನಿಲ್ಲುವಷ್ಟು ಎಡೆಮಾಡಿ, ಮಸೂರಕ್ಕೊಂದು ರಂಧ್ರ ಬಿಟ್ಟಿದ್ದರು. ಮೇಯುವ ದನಕ್ಕೆ ಹಕ್ಕಿ ಹೆದರದಷ್ಟೆ! ಒಮ್ಮೆ ರಿಚರ್ಡನು ಅದರೊಳಗೆ ಬಹಳ ಹೊತ್ತು ಬಗ್ಗಿ ನಿಂತು ಮೂರ್ಛೆಹೋದಾಗ ಎತ್ತು ನಾಲ್ಕು ಕಾಲು ಮೇಲೆಮಾಡಿ ಉರುಳಿಬಿದ್ದಿತು. ತಮ್ಮನು ಬಂದು ಅಣ್ಣನನ್ನು ಬಿಡಿಸಿದನು. ಆ ವಿಚಿತ್ರ ನೋಟದ ಚಿತ್ರವನ್ನು ತೆಗೆದುಕೊಳ್ಳುವುದನ್ನೂ ಮರೆಯಲಿಲ್ಲ. ನೋಡುವವರಿಗೆ ಇದು ವಿನೋದವಾದರೂ ಯೋಚಿಸಿದರೆ ವಿಷಾದದ ಸಂಗತಿ. ಒಂದು ಪುಟ್ಟ ಹಕ್ಕಿಯ ವಿಶ್ವಾಸವನ್ನು ಪಡೆಯಲು ಮನುಷ್ಯನು ತಾನು ಮನುಷ್ಯನಲ್ಲವೆಂದು ತೋರಿಸಿಕೊಳ್ಳಬೇಕಾಯಿತು.

ಈ ನಡುವೆ, 1896ರಲ್ಲಿ, ಅವರು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ನಿಂತ ಸೇಂಟ್ ಕಿಲ್ಡಾ ದ್ವೀಪಗಳಿಗೆ ಹೋಗಿಬಂದಿದ್ದರು. ಅಲ್ಲಿಯ ಕಡಿದಾದ ಬಂಡೆಗಳ ಮೇಲೆ ಲಕ್ಷಾಂತರ ಕಡಲಹಕ್ಕಿಗಳು ನೆರೆಯುತ್ತವೆ. ಅವುಗಳಲ್ಲಿ ಪಫಿನ್ ಎಂಬುದರ ಅಂದವೇ ಬೇರೆ. ಗೂಡುಕಟ್ಟುವ ಕಾಲದಲ್ಲಿ ಅದರ ಅಗಲವಾದ ಕೊಕ್ಕು ಕಿತ್ತಳೆ, ಹಳದಿ, ನೀಲಿಬೂದು ಬಣ್ಣಗಳಿಂದ ಮೆರೆಯುತ್ತದೆ. ಕಾಲ ಕಳೆದೊಡನೆ ಆ ಬಣ್ಣದ ಹೊದಿಕೆ ಕಳಚಿಬೀಳುತ್ತದೆ. ಬಿಲದ ಬಾಯಲ್ಲಿ ನಿಂತ ಪಫಿನ್, ಮೆಲ್ಲನೆ ಸಮೀಪಿಸುವ ಮನುಷ್ಯನನ್ನು ಕುತೂಹಲದಿಂದ ದಿಟ್ಟಿಸುವುದುಂಟು. ಆದರೆ ದ್ವೀಪದ ಜನ ಬದುಕುತ್ತಿದ್ದುದೇ ಇಂಥ ಹಕ್ಕಿಗಳ ಮಾಂಸ, ಮೊಟ್ಟೆ, ಎಣ್ಣೆಗಳಿಂದ. ಹಗ್ಗದಲ್ಲಿ ಬಂಡೆಯಿಳಿದು, ಕುಣಿಕೆಯೊಡ್ಡಿ ಅವರು ಹಕ್ಕಿಗಳನ್ನು ಹಿಡಿಯುತ್ತಿದ್ದರು. ಅದು ಅವರ ಹೊಟ್ಟೆಯ ಪಾಡು. ಬೇರೆ ಬೆಳೆಗೆ ಅಲ್ಲಿ ನೆಲ ಸಾಲದು. 1930ರಲ್ಲಿ ಉಳಿದಿದ್ದ 36 ಮಂದಿಯೂ ದ್ವೀಪವನ್ನು ತೊರೆದರು.

ಮುಂದಿನ ವರ್ಷಗಳಲ್ಲಿ ಚೆರಿಯ ಸಂಚಾರ ಹಿಗ್ಗಿತು. 1900ರಲ್ಲಿ ಆತನು ಮೇಣದ ಉರುಳೆಯ ಮೇಲೆ ನೈಟಿಂಗೇಲಿನ ಹಾಡನ್ನು ಮುದ್ರಿಸಿಕೊಂಡನು. ಬಳಿಕ ಚಲನಚಿತ್ರದ ಯಂತ್ರ ಹೊತ್ತು ಆಫ್ರಿಕಕ್ಕೆ ಹೋಗಿ, 1909ರಲ್ಲಿ ಅಲ್ಲಿಗೆ ಬೇಟೆಗೆ ಬಂದಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಚಿತ್ರಗಳನ್ನು ತೆಗೆದನು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ರಣರಂಗದಲ್ಲಿ ಸೇವೆ ಸಲ್ಲಿಸಿದನು. 1922ರಲ್ಲಿ ದಕ್ಷಿಣ ಆಫ್ರಿಕದ ಗಾಯಕಿ ಅಡಾ ಫಾರೆಸ್ಟಳನ್ನು ವರಿಸಿದನು. 1928ರಲ್ಲಿ ಅಣ್ಣ ರಿಚರ್ಡನು ತೀರಿಕೊಂಡನು.

ಕೇಪ್‌ಟೌನಿನ ಉತ್ತರಕ್ಕಿರುವ ಡಾಸೆನ್ ಎಂಬ ಚಿಕ್ಕ ದ್ವೀಪದಲ್ಲಿ ಅಡಾಳೊಡನೆ ಬೀಡುಬಿಟ್ಟು ಆತನು ಪೆಂಗ್ವಿನ್ ಹಕ್ಕಿಗಳ ದಿನಚರಿಯನ್ನು ಗಮನಿಸಿದನು. ಅದರ ಫಲವಾಗಿ 1930ರಲ್ಲಿ ಒಂದು ಪುಸ್ತಕವೂ ಒಂದು ಚಲನಚಿತ್ರವೂ ಹೊರಬಂದುವು. ಅಲ್ಲಿ ಎತ್ತಿನ ಚರ್ಮ ಬೇಕಾಗಲಿಲ್ಲ; ಮರೆಯೇ ಬೇಕಾಗಲಿಲ್ಲ. ಹಕ್ಕಿಗಳು ಸಾಲುಗಟ್ಟಿ ಕಡಲಿಗೆ ಹೋಗಿ ಮೀನುಂಡು ಮರಳುತ್ತಿದ್ದುವು, ಕತ್ತೆಯಂತೆ ಅರಚುತ್ತಿದ್ದುವು, ಬಿಲಕ್ಕೆ ಕೈಹಾಕಿದವರನ್ನು ಬಲವಾಗಿ ಕುಕ್ಕುತ್ತಿದ್ದುವೇ ಹೊರತು ಓಡುತ್ತಿರಲಿಲ್ಲ. ಅವುಗಳ ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬರಿಚರ್ಮದ ಪಟ್ಟಿಯೊಂದಿದೆ. ಬಿಸಿಲು ಏರಿದಾಗ ಅಲ್ಲಿಗೆ ರಕ್ತ ಹೆಚ್ಚಾಗಿ ಹರಿದು, ಮೈಯ ಕಾವನ್ನು ಹೊರಚೆಲ್ಲುತ್ತದೆ, ಗುಲಾಬಿ ಕೆಂಪೇರುತ್ತದೆ. ಕಪ್ಪುಬಿಳುಪಿನ ಚಿತ್ರಕ್ಕೆ ದಕ್ಕದ ಈ ಬಣ್ಣ ಕಣ್ಣಿಂದ ಕಂಡವನ ಪಾಲಿಗಷ್ಟೇ ಉಳಿಯಿತು.

ಆ ಹಕ್ಕಿಗಳ ಅಂಜದ ಗುಣವೇ ಅವಕ್ಕೆ ಮುಳುವಾಗಿತ್ತು. ಚೆರಿಯು ದ್ವೀಪಕ್ಕೆ ಹೋಗುವ ಮೊದಲಿನಿಂದಲೂ ಅಲ್ಲಿ ವರ್ಷವರ್ಷ ಲಕ್ಷಗಟ್ಟಲೆ ಮೊಟ್ಟೆಗಳನ್ನು ಆಯ್ದು ಮಾರುತ್ತಿದ್ದರು. 1960ರ ದಶಕದವರೆಗೂ ಅದು ನಡೆಯಿತು. ಬಿಲ ತೋಡಲು ಆಸರೆಯಾಗಿದ್ದ ಹಿಕ್ಕೆಯ ಪದರವನ್ನು ಗೊಬ್ಬರಕ್ಕೆಂದು ಕೆರೆದೊಯ್ದರು. ಮರಿಗಳು ಬಿಸಿಲಿಗೂ ಕಡಲಕಾಗೆಗಳಿಗೂ ಈಡಾದುವು. ಮುಂದೆ ಮೀನುಗಾರಿಕೆ ಬೆಳೆದು ಆಹಾರವೂ ಕುಗ್ಗಿತು. 2000ದಲ್ಲಿ ಹಡಗೊಂದು ಮುಳುಗಿ ಎಣ್ಣೆ ಹರಡಿದಾಗ ಸುಮಾರು 19,000 ಪೆಂಗ್ವಿನ್‌ಗಳನ್ನು ಜನರು ಹಿಡಿದು, ತೊಳೆದು, ಉಪಚರಿಸಿದರು. ಲಕ್ಷಗಟ್ಟಲೆ ಇದ್ದ ಆಫ್ರಿಕದ ಪೆಂಗ್ವಿನ್ ಸಂತತಿ ಇಂದು ಹತ್ತು ಸಾವಿರ ಜೋಡಿಗಳಿಗೂ ಕಡಮೆ. 2024ರಲ್ಲಿ ಅದನ್ನು ಅಳಿವಿನ ಅಂಚಿನ ಅತ್ಯಂತ ಗಂಡಾಂತರದ ವರ್ಗಕ್ಕೆ ಸೇರಿಸಲಾಯಿತು.

1940ರ ಸೆಪ್ಟೆಂಬರ್ 27ರಂದು, ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಚೆರಿಯು ಆಕಾಶವಾಣಿಯಲ್ಲಿ ಮಕ್ಕಳಿಗಾಗಿ ಭಾಷಣ ಮಾಡಿ ಹೊರಬಂದವನು ಕುಸಿದುಬಿದ್ದು ತೀರಿಕೊಂಡನು. ಆಗ ಆತನಿಗೆ 69 ವರ್ಷ. ಮನುಷ್ಯನಿಗೆ ಅಂಜುವ ಹಕ್ಕಿಯ ಮುಂದೆ ತಾಳ್ಮೆಯಿಂದ ಅಡಗಿ ಕುಳಿತದ್ದು ಆತನ ಜಾಣ್ಮೆ. ಅಂಜದ ಹಕ್ಕಿಯ ಮುಂದೆ ಬರಿಗೈಯಲ್ಲಿ ಕುಳಿತು, ಚಿತ್ರವನ್ನಲ್ಲದೆ ಬೇರೇನನ್ನೂ ಬಯಸದಿದ್ದುದು ಆತನ ಸೌಜನ್ಯ. ಡಾಸೆನ್ನಿನ ಹಕ್ಕಿಗಳು ಬಂದವರೆಲ್ಲರನ್ನೂ ಒಂದೇ ಬಗೆಯಾಗಿ ನಂಬಿದುವು. ಬಂದವರು ಮಾತ್ರ ಒಂದೇ ಬಗೆಯವರಾಗಿರಲಿಲ್ಲ.