ಕೋಳಿಮನೆಯ ಸ್ಟುಡಿಯೋ

ಮಿಕ್ಸಿ ಕೊಂಡರೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಕ್ಯಾಮೆರಾಗೆ ಒಂದು ಲೆನ್ಸ್ ಕೊಂಡರೆ, ಇದೆಲ್ಲ ಈಗ ಬೇಕಿತ್ತಾ ಎಂಬ ಪ್ರಶ್ನೆ ಬರುತ್ತದೆ. ಯಾರೂ ಕೇಳದಿದ್ದರೆ ನಾವೇ ಕೇಳಿಕೊಳ್ಳುತ್ತೇವೆ! ನಾನು ಆರಿಸಿಟ್ಟ ಲೆನ್ಸ್ ಆನ್‌ಲೈನ್ ಕಾರ್ಟಿನಲ್ಲಿ ಐದು ತಿಂಗಳು ಕೂತಿತ್ತು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಬಗ್ಗೆ ಓದಿದ್ದು ಆಗಲೇ. (ಕ್ಯಾಮೆರಾನ್ ಎಂಬುದು ಗಂಡನ ಮನೆತನದ ಹೆಸರು, ಕ್ಯಾಮೆರಾದಿಂದ ಬಂದದ್ದಲ್ಲ.)

ಜೂಲಿಯಾ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. 1838ರಲ್ಲಿ ಅಲ್ಲೇ ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಕಾನೂನು ಪಂಡಿತ ಚಾರ್ಲ್ಸ್ ಹೇ ಕ್ಯಾಮೆರಾನ್ ಅವರನ್ನು ಮದುವೆಯಾದರು. ಹತ್ತು ವರ್ಷದ ನಂತರ ಸಂಸಾರ ಇಂಗ್ಲೆಂಡಿಗೆ ಹೋಯಿತು. ಹೆತ್ತ ಮಕ್ಕಳು ಆರು, ಸಾಕಿದವರು ಬೇರೆ. ಜೀವನ ನಡೆಯುತ್ತಿದ್ದುದು ಹೆಚ್ಚಾಗಿ ಸಿಲೋನಿನ ಕಾಫಿ ತೋಟಗಳ ಮೇಲೆ.

1863ರ ಡಿಸೆಂಬರ್. ಗಂಡ ತೋಟ ನೋಡಿಕೊಳ್ಳಲು ಸಿಲೋನಿಗೆ ಹೋಗಿದ್ದರು. ವೈಟ್ ದ್ವೀಪದ ಮನೆಯಲ್ಲಿ ಒಬ್ಬರೇ ಬೇಸರದಿಂದಿರುವ ಅಮ್ಮನಿಗೆ ಹೊತ್ತು ಹೋಗಲೆಂದು ಮಗಳು, ಅಳಿಯ ಒಂದು ಕ್ಯಾಮೆರಾ ಕೊಟ್ಟರು. ಅಮ್ಮನಿಗೆ ಆಗ 48 ವರ್ಷ.

ಮರದ ಪೆಟ್ಟಿಗೆ, ಫ್ರೆಂಚ್ ಲೆನ್ಸ್, 11 ಇಂಚು ಉದ್ದ 9 ಇಂಚು ಅಗಲದ ಗಾಜಿನ ಪ್ಲೇಟು. ಆದರೆ ಪೆಟ್ಟಿಗೆಯೊಂದಿದ್ದರೆ ಫೋಟೊ ಬರುವ ಕಾಲವಲ್ಲ ಅದು. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸಮನಾಗಿ ಹರಡಬೇಕು, ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು, ಹಸಿಯಿರುವಾಗಲೇ ಕ್ಯಾಮೆರಾಗೆ ಹಾಕಿ ಚಿತ್ರ ತೆಗೆದು, ಒಣಗುವ ಮೊದಲೇ ಓಡಿಬಂದು ಡೆವಲಪ್ ಮಾಡಬೇಕು. ಕೂತವರು ನಿಮಿಷಗಟ್ಟಲೆ ಅಲುಗಾಡಬಾರದು. ಇನ್ನು ತೊಳೆಯುವುದಕ್ಕೆ ಬಾವಿಯಿಂದ ನೀರು ತಂದು ತಂದು ಸುರಿಯಬೇಕು.

ಜೂಲಿಯಾ ಮನೆಯನ್ನೇ ಸಲಕರಣೆ ಮಾಡಿಕೊಂಡರು. ಕಲ್ಲಿದ್ದಲು ತುಂಬುವ ಕೊಠಡಿ ಡಾರ್ಕ್‌ರೂಮ್ ಆಯಿತು. ಗಾಜಿನ ಕೋಳಿಮನೆ ಖಾಲಿಯಾಗಿ ಸ್ಟುಡಿಯೋ ಆಯಿತು. ಕೋಳಿಗಳನ್ನು ಬಿಟ್ಟುಬಿಟ್ಟೆ, ಯಾರೂ ತಿಂದಿರಲಿಕ್ಕಿಲ್ಲ ಎಂದು ಮುಂದೆ ತಮಾಷೆಯಾಗಿ ಬರೆದುಕೊಂಡಿದ್ದಾರೆ. ಮನೆಗೆಲಸದ ಹುಡುಗಿಯರು ಮೇರಿ ಮಾತೆಯಾಗಿ ಕೂತರು. ಕೈಯೆಲ್ಲ ಕಪ್ಪು ಕಲೆ. ತೆಗೆದ ಫೋಟೊವನ್ನು ಗಂಡನಿಗೆ ತೋರಿಸಲು ಊಟದ ಕೋಣೆಗೆ ಹಸಿ ಗಾಜು ಹಿಡಿದೇ ಓಡುತ್ತಿದ್ದರಂತೆ, ಮೇಜಿನ ಬಟ್ಟೆಗಳು ಹಾಳಾಗಿದ್ದಕ್ಕೆ ಲೆಕ್ಕವಿಲ್ಲ. ಆ ಮನುಷ್ಯ ಸಿಡುಕಲಿಲ್ಲ, ಪ್ರತಿ ಚಿತ್ರವನ್ನೂ ಮೆಚ್ಚಿದರು. ಇಂಥ ಗಂಡಂದಿರನ್ನೂ ನೆನೆಯಬೇಕು.

1866ರಲ್ಲಿ ಇನ್ನೂ ದೊಡ್ಡ ಕ್ಯಾಮೆರಾ ಬಂತು, 15 ಇಂಚು ಉದ್ದ 12 ಇಂಚು ಅಗಲದ ಪ್ಲೇಟಿನದು. ಮುಖವೇ ಚೌಕಟ್ಟು ತುಂಬುವಂತೆ ಹತ್ತಿರದಿಂದ ತೆಗೆದರು. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, ಕಾರ್ಲೈಲ್, ಡಾರ್ವಿನ್, ನೆರೆಮನೆಯ ಕವಿ ಟೆನಿಸನ್ ಎಲ್ಲರೂ ಆ ಲೆನ್ಸಿನೆದುರು ಕೂತವರೇ. ಫೋಟೊಗ್ರಫಿಯ ಪತ್ರಿಕೆಗಳಿಗೆ ಮಾತ್ರ ಆ ಮಸುಕು, ಆ ಕಲೆಗಳು ಕೆಲಸ ಬಾರದವಳ ಗುರುತಾಗಿ ಕಂಡವು. ಲೆನ್ಸನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಮ್ಮ ಕಣ್ಣಿಗೆ ಬಿಟ್ಟದ್ದು ಎಂಬುದು ಜೂಲಿಯಾ ಅವರ ವಾದ. ಅದೂ ಸರಿಯೇ, ಫೋನಿನಲ್ಲಿ ಪೋರ್ಟ್ರೇಟ್ ಮೋಡ್ ಹಾಕಿ ಹಿನ್ನೆಲೆ ಮಸುಕು ಮಾಡಿಕೊಳ್ಳುವ ನಾವು ಬೈಯುವ ಹಾಗಿಲ್ಲ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲೇ ಅವರ ಚಿತ್ರಗಳನ್ನು ಕೊಂಡಿತು, 1868ರಲ್ಲಿ ಸ್ಟುಡಿಯೋಗೆ ಎರಡು ಕೋಣೆ ಕೊಟ್ಟಿತು.

ದುಡ್ಡಿನ ಚಿಂತೆ ಮಾತ್ರ ಬಿಡಲಿಲ್ಲ. ತೋಟದ ಆದಾಯ ನೆಚ್ಚುವಂತಿರಲಿಲ್ಲ, ರಾಸಾಯನಿಕಗಳ ಖರ್ಚು ನಿಲ್ಲುವಂಥದ್ದಲ್ಲ. ಚಿತ್ರಗಳಿಗೆ ಕಾಪಿರೈಟ್ ಮಾಡಿಸಿ ಮಾರಾಟಕ್ಕೂ ಇಟ್ಟರು. 1873ರಲ್ಲಿ, ಆ ಮೊದಲ ಕ್ಯಾಮೆರಾ ಕೊಟ್ಟ ಮಗಳು ತೀರಿಕೊಂಡಳು.

ಎರಡು ವರ್ಷದ ನಂತರ ಗಂಡ ಹೆಂಡತಿ ಸಿಲೋನಿಗೆ ಹೊರಟರು. ಕ್ಯಾಮೆರಾವೂ ಜೊತೆಗೆ ಹೋಯಿತು. ಅಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದಿರುವುದು ಕೆಲವೇ: ತೋಟದ ಕೆಲಸದವರು, ಅತಿಥಿಯಾಗಿ ಬಂದ ಚಿತ್ರಕಾರ್ತಿ ಮರಿಯಾನ್ ನಾರ್ತ್. 1879ರ ಜನವರಿಯಲ್ಲಿ ಜೂಲಿಯಾ ಅಲ್ಲೇ ಕೊನೆಯುಸಿರೆಳೆದರು.

ನನ್ನ ಲೆನ್ಸ್ ಹೋದ ತಿಂಗಳು ಮನೆಗೆ ಬಂತು. ನಮ್ಮ ಫ್ಲ್ಯಾಟಿನಲ್ಲಿ ಕೋಳಿಮನೆ ಎಲ್ಲಿಂದ ಬರಬೇಕು? ಭಾನುವಾರದ ಮಟ್ಟಿಗೆ ಬಾಲ್ಕನಿಯಿಂದ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಒಳಗೆ ತಂದಿಟ್ಟುಕೊಳ್ಳುತ್ತೇನೆ.